ಮೂವತ್ತು ಪೌಂಡಿನ ಪ್ರೇಮ, ಹದಿನಾಲ್ಕು ಸಾಲಿನ ಪ್ರೇಮ

ಒಂದು ಬಟ್ಟೆ ಅಂಗಡಿಯಿಂದ ಶುರು ಮಾಡುತ್ತೇನೆ. ಮದುವೆ ಜವಳಿ ತರುವುದು ನಮ್ಮ ಮನೆಗಳಲ್ಲಿ ಎಷ್ಟು ದೊಡ್ಡ ಸಂಭ್ರಮ ಅಂತ ನಿಮಗೇ ಗೊತ್ತು. ಮನೆಮಂದಿಯೆಲ್ಲ ಹೊರಡುತ್ತಾರೆ. ಅಂಗಡಿಯವನು ನೂರು ಸೀರೆ ಬಿಚ್ಚಿ ಹಾಕುತ್ತಾನೆ. ಮಧ್ಯೆ ಕಾಫಿ ಬರುತ್ತದೆ. ಷಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ ಕಾದಂಬರಿಯಲ್ಲೂ ಜವಳಿ ತರುವ ಒಂದು ದಿನ ಇದೆ. ಆದರೆ ಅಲ್ಲಿ ಮದುವಣಗಿತ್ತಿಗೆ ಮುಳ್ಳಿನ ಮೇಲೆ ನಿಂತ ಹಾಗೆ.

ಜೇನ್ ಅನಾಥೆ. ಥಾರ್ನ್‌ಫೀಲ್ಡ್ ಅನ್ನುವ ದೊಡ್ಡ ಮನೆಯಲ್ಲಿ ಒಂದು ಪುಟ್ಟ ಹುಡುಗಿಗೆ ಪಾಠ ಹೇಳುವ ಕೆಲಸ ಅವಳದು. ವರ್ಷಕ್ಕೆ 30 ಪೌಂಡ್ ಸಂಬಳ, ಊಟ, ಇರಲು ಒಂದು ಕೋಣೆ. ಆ ಮನೆಯ ಯಜಮಾನ ರಾಚೆಸ್ಟರ್ ಅವಳನ್ನು ಪ್ರೀತಿಸುತ್ತಾನೆ. ಅವಳೂ ಪ್ರೀತಿಸುತ್ತಾಳೆ. ಮದುವೆ ಗೊತ್ತಾಗುತ್ತದೆ. ಮಿಲ್ಕೋಟ್ ಪೇಟೆಯ ರೇಷ್ಮೆ ಅಂಗಡಿಗೆ ಕರೆದುಕೊಂಡು ಹೋಗಿ ಆರು ಉಡುಪಿಗೆ ಬಟ್ಟೆ ಆರಿಸು ಅನ್ನುತ್ತಾನೆ. ಜೇನ್ ಚೌಕಾಸಿಗೆ ಇಳಿಯುತ್ತಾಳೆ. ನಾವು ಚೌಕಾಸಿ ಮಾಡುವುದು ಬೆಲೆ ಇಳಿಸಲಿಕ್ಕೆ. ಅವಳು ಮಾಡುವುದು ಲೆಕ್ಕ ಇಳಿಸಲಿಕ್ಕೆ! ಆರು ಹೋಗಿ ಎರಡಾಗುತ್ತದೆ. ಆ ಎರಡಕ್ಕೆ ಅವನು ನೇರಳೆ ರೇಷ್ಮೆ, ಗುಲಾಬಿ ಸ್ಯಾಟಿನ್ ತೆಗೆಸುತ್ತಾನೆ. ಇವಳು ಅವನನ್ನು ಹೇಗೋ ಒಪ್ಪಿಸಿ ಕಪ್ಪು ಸ್ಯಾಟಿನ್, ಬೂದು ರೇಷ್ಮೆ ಕಟ್ಟಿಸಿಕೊಂಡು ಬರುತ್ತಾಳೆ. ಅವನು ಕೊಡಿಸಿದಷ್ಟೂ ತನ್ನ ಕೆನ್ನೆ ಅವಮಾನದಿಂದ ಉರಿಯುತ್ತಿತ್ತು ಅಂತ ಅವಳೇ ನಮಗೆ ಹೇಳುತ್ತಾಳೆ.

ಪ್ರೀತಿಸಿದವನು ಬಟ್ಟೆ ಕೊಡಿಸಿದರೆ ಅವಮಾನ ಯಾಕೆ? ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಉದ್ದ ಮಾತು ಬೇಕು. ನಮಗೆ ಒಂದೇ ಪದ ಸಾಕು, ಹಂಗು. ಹಂಗಿನ ಅರಮನೆಗಿಂತ ಗುಡಿಸಲು ಲೇಸು ಅನ್ನುವ ಮಾತು ನಮ್ಮಲ್ಲಿದೆ. ಜೇನ್‌ಗೆ ಸಿಗುತ್ತಿರುವುದು ಅಂಥದೇ ಅರಮನೆ. ಸ್ವಾತಂತ್ರ್ಯ ಅಂದ ತಕ್ಷಣ ನಮಗೆ ಬಾವುಟ, ಭಾಷಣ ನೆನಪಾಗುತ್ತದೆ. ಇವತ್ತು ನಾನು ಮಾತಾಡುವ ಕಾದಂಬರಿಗಳಲ್ಲಿ, ಕವಿತೆಗಳಲ್ಲಿ ಸ್ವಾತಂತ್ರ್ಯ ಅಂದರೆ ಅಷ್ಟು ದೊಡ್ಡದೇನಲ್ಲ. ಹಂಗಿಲ್ಲದೆ ಪ್ರೀತಿಸುವುದು ಹೇಗೆ ಅನ್ನುವುದಷ್ಟೇ ಅಲ್ಲಿನ ಹೆಂಗಸರ ಪ್ರಶ್ನೆ.

ಅಂಗಡಿಯಿಂದ ಗಾಡಿಯಲ್ಲಿ ವಾಪಸ್ ಬರುವಾಗ ಜೇನ್‌ಗೆ ಒಂದು ವಿಷಯ ನೆನಪಾಗುತ್ತದೆ. ಮಡೀರಾ ದ್ವೀಪದಲ್ಲಿ ತನಗೊಬ್ಬ ಚಿಕ್ಕಪ್ಪ ಇದ್ದಾನೆ, ತನ್ನ ಆಸ್ತಿಯನ್ನು ಇವಳಿಗೆ ಬಿಡಬೇಕು ಅಂತಿದ್ದವನು. ನನ್ನದು ಅಂತ ಒಂಚೂರು ದುಡ್ಡಿದ್ದರೂ ಎಷ್ಟೋ ನೆಮ್ಮದಿ, ಹೀಗೆ ಗೊಂಬೆಯ ಹಾಗೆ ಸಿಂಗಾರ ಮಾಡಿಸಿಕೊಳ್ಳುವುದು ನನ್ನಿಂದಾಗದು ಅಂದುಕೊಂಡು, ಮನೆಗೆ ಹೋದ ಕೂಡಲೇ ಅವನಿಗೆ ಕಾಗದ ಬರೆಯಲು ತೀರ್ಮಾನಿಸುತ್ತಾಳೆ. ರಾಚೆಸ್ಟರ್‌ಗೂ ಕರಾರು ಹಾಕುತ್ತಾಳೆ. ಮದುವೆಯಾದ ಮೇಲೂ ನಾನು ಪಾಠ ಹೇಳುತ್ತೇನೆ. ಊಟ, ವಸತಿ, ವರ್ಷಕ್ಕೆ 30 ಪೌಂಡ್ ದುಡಿಯುತ್ತೇನೆ. ನನ್ನ ಬಟ್ಟೆ ಆ ದುಡ್ಡಿನಲ್ಲಿ. ನೀವು ಕೊಡಬೇಕಾದ್ದು ಒಂದೇ, ನಿಮ್ಮ ಅಭಿಮಾನ. ನಾನು ನನ್ನದನ್ನು ಕೊಡುತ್ತೇನೆ, ಆಗ ಸಾಲ ತೀರಿತು.

ಆ ಕಾಗದ ಏನಾಯಿತು ಅನ್ನುವುದನ್ನು ಎಷ್ಟೋ ಸಲ ಓದಿದ ಮೇಲೂ ನಾನು ಗಮನಿಸಿರಲಿಲ್ಲ. ಅದು ಮಡೀರಾ ತಲುಪುವ ಹೊತ್ತಿಗೆ ಚಿಕ್ಕಪ್ಪನ ಮನೆಯಲ್ಲಿ ಮೇಸನ್ ಅನ್ನುವವನೊಬ್ಬ ಉಳಿದುಕೊಂಡಿರುತ್ತಾನೆ. ರಾಚೆಸ್ಟರ್‌ನ ಮೊದಲ ಹೆಂಡತಿಯ ಸಹೋದರ! ಆ ಹೆಂಡತಿ ಬದುಕಿದ್ದಾಳೆ, ಥಾರ್ನ್‌ಫೀಲ್ಡಿನ ಮೇಲಂತಸ್ತಿನಲ್ಲೇ ಕೂಡಿಹಾಕಿಸಿಕೊಂಡಿದ್ದಾಳೆ. ಕಾಗದದಲ್ಲಿದ್ದ ಮದುವೆಯ ವಿಷಯ ಚಿಕ್ಕಪ್ಪನಿಂದ ಮೇಸನ್‌ಗೆ ತಿಳಿಯುತ್ತದೆ. ಹಾಗೆ ಸುದ್ದಿ ಹೊರಬಿದ್ದು, ಚರ್ಚಿನಲ್ಲಿ ಮದುವೆ ನಿಂತುಹೋಗುತ್ತದೆ. ಅಂದರೆ ಒಂದು ಮೋಸದ ಮದುವೆಯಿಂದ ಜೇನ್‌ಳನ್ನು ಪಾರು ಮಾಡಿದ್ದು ಏನು? ನನ್ನದೇ ದುಡ್ಡು ನಾಲ್ಕು ಕಾಸು ಬೇಕು ಅಂತ ಅವಳು ಬರೆದ ಕಾಗದ. ಬ್ರಾಂಟೆ ಇದನ್ನು ಎಲ್ಲೂ ಒತ್ತಿ ಹೇಳುವುದಿಲ್ಲ. ಸುಮ್ನೆ ಕಥೆಯಲ್ಲಿ ಹೆಣೆದು ಬಿಟ್ಟಿದ್ದಾಳೆ.

ಮುಂದಿನದು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಫ್ರಾನ್ಸಿನ ದಕ್ಷಿಣಕ್ಕೆ ಹೋಗೋಣ, ಹೆಂಡತಿಯ ಹಾಗೇ ಇರು ಅಂತ ಅವನು ಬೇಡಿಕೊಳ್ಳುತ್ತಾನೆ. ಅವಳು ಬೆಳಗಿನ ಜಾವ ಮನೆ ಬಿಡುತ್ತಾಳೆ. ಕೈಯಲ್ಲಿ 20 ಷಿಲಿಂಗ್. ಅದೂ ಗಾಡಿ ಬಾಡಿಗೆಗೆ ಹೋಗುತ್ತದೆ. ಇದ್ದೊಂದು ಗಂಟನ್ನೂ ಗಾಡಿಯಲ್ಲೇ ಮರೆತು ಇಳಿಯುತ್ತಾಳೆ. ಎರಡು ದಿನದ ಮೇಲೆ ಹಂದಿಗೆ ಸುರಿಯಲು ಹೊರಟಿದ್ದ ತಣ್ಣನೆ ಗಂಜಿಯನ್ನು ಕೇಳಿ ತಿನ್ನುತ್ತಾಳೆ. ಸ್ವಾಭಿಮಾನದ ಬೆಲೆ ಏನು ಅಂತ ಈ ಪುಟಗಳಲ್ಲಿ ಬ್ರಾಂಟೆ ಲೆಕ್ಕ ಕೊಡುತ್ತಾಳೆ. ಆಮೇಲೆ ಹಳ್ಳಿ ಶಾಲೆಯ ಕೆಲಸ ಸಿಗುತ್ತದೆ. ಸಂಬಳ ಎಷ್ಟು ಗೊತ್ತಾ? ಮತ್ತೆ ಅದೇ 30 ಪೌಂಡ್.

ಇಲ್ಲಿ ಆಗಿನ ಕಾನೂನಿನ ಬಗ್ಗೆ ಒಂದು ಮಾತು. ‘ಜೇನ್ ಏರ್’ ಬಂದದ್ದು 1847ರಲ್ಲಿ. ಆಗ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿಗೆ ಕಾನೂನಿನ ಕಣ್ಣಲ್ಲಿ ಬೇರೆ ಇರವೇ ಇರಲಿಲ್ಲ. ಅವಳು ದುಡಿದ ಹಣ ಗಂಡನದು. ದುಡಿಮೆ ಅವಳದೇ ಅಂತ ಆದದ್ದು 1870ರ ಕಾನೂನಿನಿಂದ. ಗಂಡನ ಅಪ್ಪಣೆಯಿಲ್ಲದೆ ಆಸ್ತಿ ಇಟ್ಟುಕೊಳ್ಳಬಹುದು ಅಂತ ಆದದ್ದು 1882ರಲ್ಲಿ. ಹಾಗಾಗಿ ಮದುವೆಯ ಮೇಲೂ ನನ್ನ 30 ಪೌಂಡ್ ನನ್ನದು ಅಂತ ಜೇನ್ ಹೇಳಿದ್ದು ಕಾನೂನಿನಲ್ಲಿ ನಿಲ್ಲದ ಮಾತು. ಆ ಮಾತು ಉಳಿಯುವುದಿದ್ದರೆ ರಾಚೆಸ್ಟರ್‌ನ ದೊಡ್ಡಗುಣದಿಂದ ಮಾತ್ರ ಉಳಿಯಬೇಕಿತ್ತು. ಅದೂ ಹಂಗೇ ಅಲ್ವಾ?

ಈಗ ಒಂದು 34 ವರ್ಷ ಹಿಂದಕ್ಕೆ ಹೋಗೋಣ. 1813, ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’. ಇದನ್ನು ಸಿನಿಮಾದಲ್ಲಿ ನೋಡಿದವರಿಗೆ ಡಾರ್ಸಿ ನೆನಪಿರುತ್ತಾನೆ. ವರ್ಷಕ್ಕೆ 10,000 ಪೌಂಡ್ ವರಮಾನದವನು, ಗಂಟುಮುಖದವನು. ಅವನ ವಿಷಯ ಬಿಡಿ, ಅವನ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬೇಕಾದವಳು ಷಾರ್ಲೆಟ್ ಲೂಕಸ್.

ಬೆನೆಟ್ ಮನೆಯಲ್ಲಿ ಐದು ಹೆಣ್ಣುಮಕ್ಕಳು, ಗಂಡಿಲ್ಲ. ಅಪ್ಪ ಸತ್ತರೆ ಮನೆ, ಜಮೀನು ಎಲ್ಲ ದೂರದ ದಾಯಾದಿ ಕಾಲಿನ್ಸ್ ಪಾಲು. ಈ ಕಾಲಿನ್ಸ್ ಪಾದ್ರಿ. ಬಾಯಿ ತೆರೆದರೆ ತನ್ನ ಒಡತಿಯ ಗುಣಗಾನ. ಎರಡನೇ ಮಗಳು ಎಲಿಜಬೆತ್‌ಳನ್ನು ಮದುವೆಯಾಗು ಅಂತ ಕೇಳುತ್ತಾನೆ. ಕೇಳುವಾಗಲೇ ಅವಳ ಪಾಲಿನ ಲೆಕ್ಕವನ್ನೂ ಒಪ್ಪಿಸುತ್ತಾನೆ. ನೂರಕ್ಕೆ ನಾಲ್ಕರ ಬಡ್ಡಿಯಲ್ಲಿ 1,000 ಪೌಂಡ್, ಅದೂ ನಿನ್ನ ತಾಯಿ ಸತ್ತ ಮೇಲೆ. ಅಂದರೆ ವರ್ಷಕ್ಕೆ 40 ಪೌಂಡ್. ಎಲಿಜಬೆತ್ ಒಲ್ಲೆ ಅನ್ನುತ್ತಾಳೆ. ಅವನಿಗೆ ಅರ್ಥವೇ ಆಗುವುದಿಲ್ಲ, ಹೆಣ್ಣುಮಕ್ಕಳು ಮೊದಲ ಸಲ ಹಾಗೇ ಬಿಂಕ ಮಾಡುವುದು ಅಂದುಕೊಳ್ಳುತ್ತಾನೆ. ಬೇಡ ಅನ್ನುವ ಮಾತು ಕೇಳಿಸಿಕೊಳ್ಳುವ ಕಿವಿಯೇ ಇಲ್ಲದ ಗಂಡಸಿನ ಮುಂದೆ ಅದನ್ನೇ ಮತ್ತೆ ಮತ್ತೆ ಹೇಳಬೇಕಾದ ಹೆಣ್ಣಿನ ಪಾಡು. ಆಸ್ಟೆನ್ ಅದನ್ನು ನಗಿಸಿ ಬರೆದಿದ್ದಾಳೆ, ಆದರೆ ಅದು ಬರೀ ನಗುವಿನ ವಿಷಯ ಅಲ್ಲ ಅಂತ ಇಲ್ಲಿರುವ ಹೆಣ್ಣುಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಮೂರೇ ದಿನದೊಳಗೆ ಅದೇ ಕಾಲಿನ್ಸ್ ಎಲಿಜಬೆತ್‌ಳ ಗೆಳತಿ ಷಾರ್ಲೆಟ್‌ಳನ್ನು ಕೇಳುತ್ತಾನೆ. ಅವಳು ಒಪ್ಪುತ್ತಾಳೆ. ವಯಸ್ಸು 27. ನನಗೆ ಪ್ರೇಮ ಗೀಮ ಏನೂ ಬೇಡ, ನೆಮ್ಮದಿಯ ಒಂದು ಮನೆ ಸಾಕು ಅನ್ನುತ್ತಾಳೆ. ಎಲಿಜಬೆತ್‌ಗೆ ಆಘಾತ. ಓದುವ ನಮಗೂ.

ಒಂದು ಸಲ ಕ್ಲಾಸಿನಲ್ಲಿ ಕೇಳಿದ್ದೆ, ಷಾರ್ಲೆಟ್ ಮಾಡಿದ್ದು ಸರಿಯಾ ಅಂತ. ಹುಡುಗರೆಲ್ಲ ತಪ್ಪು ತಪ್ಪು ಅಂದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ, ಅದುವರೆಗೆ ಬಾಯಿ ಬಿಡದವಳು, “ಮೇಡಂ, ಅವಳಿಗೆ ಬಿ.ಎಡ್. ಮಾಡೋ ಅವಕಾಶ ಇತ್ತಾ?” ಅಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ಅಷ್ಟು ವರ್ಷ ಹೇಳಿದ ಪಾಠ ಆ ಒಂದು ಪ್ರಶ್ನೆಗೆ ಸಮ ಇರಲಿಲ್ಲ.

ಷಾರ್ಲೆಟ್‌ಳ ಸಂಸಾರ ನೋಡಲು ಎಲಿಜಬೆತ್ ಹೋಗುತ್ತಾಳಲ್ಲ, ಆ ಭಾಗ ಓದಿ. ಮನೆಯಲ್ಲಿ ಗಾಳಿ ಬೆಳಕಿನ ಒಳ್ಳೆ ಕೋಣೆ ಒಂದಿದೆ. ಷಾರ್ಲೆಟ್ ದಿನವಿಡೀ ಕೂರುವುದು ಮಾತ್ರ ಹಿಂದುಗಡೆಯ ಕೋಣೆಯಲ್ಲಿ. ಯಾಕೆ ಅಂತ ಎಲಿಜಬೆತ್‌ಗೆ ಮೊದಲು ಹೊಳೆಯುವುದಿಲ್ಲ. ಆಮೇಲೆ ತಿಳಿಯುತ್ತದೆ. ಗಂಡನ ಕೋಣೆ ರಸ್ತೆ ಕಡೆ ಇದೆ, ಹೋಗಿಬರುವ ಗಾಡಿಗಳನ್ನು ನೋಡುತ್ತ ಅವನು ಅಲ್ಲೇ ಕೂತಿರುತ್ತಾನೆ. ಇವಳ ಕೋಣೆಯೂ ಅಷ್ಟೇ ಚೆನ್ನಾಗಿದ್ದರೆ ಇಲ್ಲಿಗೇ ಬಂದು ಕೂರುತ್ತಾನೆ! ತೋಟದ ಕೆಲಸ ಮೈಗೆ ಒಳ್ಳೆಯದು ಅಂತಲೂ ಅವನನ್ನು ಹುರಿದುಂಬಿಸುತ್ತಿರುತ್ತಾಳೆ. ಹುಣಿಸೆಹಣ್ಣು ಹಿಂಡಿದ ಹಾಗೆ ಬದುಕಿನಿಂದ ಅಷ್ಟು ಹೊತ್ತಿನ ಏಕಾಂತವನ್ನು ಹಿಂಡಿ ತೆಗೆದುಕೊಳ್ಳುತ್ತಾಳೆ. ಕಾಲಿನ್ಸ್‌ನನ್ನು ಮರೆತರೆ ಮನೆ ತುಂಬ ಹಿತವಾಗಿತ್ತು, ಷಾರ್ಲೆಟ್‌ಳನ್ನು ನೋಡಿದರೆ ಅವಳು ಆಗಾಗ ಮರೆಯುತ್ತಿರಬೇಕು ಅನ್ನಿಸಿತು ಅಂತ ಆಸ್ಟೆನ್ ಚಿವುಟುತ್ತಾಳೆ.

ಎಲಿಜಬೆತ್ ಬೇಡ ಅಂದದ್ದು ಸರಿ, ಷಾರ್ಲೆಟ್ ಹೂಂ ಅಂದದ್ದೂ ತಪ್ಪಲ್ಲ ಅಂತ ಆಸ್ಟೆನ್‌ಗೆ ಅನ್ನಿಸಿರಬಹುದಾ? ಅವಳ ಬದುಕಿನ ಒಂದು ಸಂಗತಿ ಹೇಳುತ್ತೇನೆ. 1802ರ ಡಿಸೆಂಬರ್ 2. ಮ್ಯಾನಿಡೌನ್ ಅನ್ನುವ ದೊಡ್ಡ ಎಸ್ಟೇಟಿನ ವಾರಸುದಾರ, ಹ್ಯಾರಿಸ್ ಬಿಗ್-ವಿದರ್, ಅವಳನ್ನು ಮದುವೆಗೆ ಕೇಳುತ್ತಾನೆ. ಅವಳು ಒಪ್ಪುತ್ತಾಳೆ. ಮಾರನೇ ಬೆಳಿಗ್ಗೆ ಎದ್ದು ಆಗುವುದಿಲ್ಲ ಅನ್ನುತ್ತಾಳೆ. ಆಗ ಅವಳಿಗೆ 27 ತುಂಬಲು ಎರಡು ವಾರ ಬಾಕಿ. ಷಾರ್ಲೆಟ್‌ಗೆ ಅವಳು ಕೊಟ್ಟ ವಯಸ್ಸೂ 27. ಒಂದು ರಾತ್ರಿ ಅವಳು ಷಾರ್ಲೆಟ್ ಆಗಿದ್ದಳು, ಬೆಳಗಾಗುವಾಗ ಎಲಿಜಬೆತ್ ಆದಳು ಅಂತ ನಾನು ಅಂದುಕೊಳ್ಳುತ್ತೇನೆ. ಇದು ನನ್ನ ಊಹೆ, ಪರೀಕ್ಷೆಯಲ್ಲಿ ಬರೆಯಬೇಡಿ.

ತಮಾಷೆ ಏನೆಂದರೆ, ಅಣ್ಣನ ಮಗಳು ಫ್ಯಾನಿಗೆ ಬರೆದ ಕಾಗದಗಳಲ್ಲಿ ಆಸ್ಟೆನ್ ಎರಡೂ ಮಾತು ಹೇಳಿದ್ದಾಳೆ. 1814ರಲ್ಲಿ, ಪ್ರೀತಿಯಿಲ್ಲದೆ ಮದುವೆಯಾಗುವುದಕ್ಕಿಂತ ಬೇರೇನನ್ನಾದರೂ ಸಹಿಸಿಕೊಳ್ಳಬಹುದು ಅಂತ. 1817ರಲ್ಲಿ, ಒಂಟಿ ಹೆಂಗಸರು ಬಡವರಾಗುವುದೇ ಜಾಸ್ತಿ, ಮದುವೆಯ ಪರವಾಗಿ ಅದೊಂದು ಬಲವಾದ ಕಾರಣ ಅಂತ. ಒಬ್ಬಳೇ ಅತ್ತೆ, ಒಬ್ಬಳೇ ಸೊಸೆ, ಮಧ್ಯೆ ಎರಡೂವರೆ ವರ್ಷ. ಅವಳೇನು ಮಾತು ಬದಲಿಸಿದಳು ಅಂತ ನನಗನ್ನಿಸುವುದಿಲ್ಲ, ಎರಡೂ ನಿಜವೇ ಆಗಿತ್ತು. ಹಾಂ, ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಹಕ್ಕನ್ನು ಪ್ರಕಾಶಕನಿಗೆ ಅವಳು ಮಾರಿದ್ದು 110 ಪೌಂಡಿಗೆ. 150 ಸಿಗಬಹುದು ಅಂದುಕೊಂಡಿದ್ದಳು. ಪುಸ್ತಕದ ಮೇಲೆ ಅವಳ ಹೆಸರೂ ಇರಲಿಲ್ಲ.

ಇನ್ನು ಸಾನೆಟ್‌ಗೆ ಬರೋಣ. ನಮ್ಮವರು ಅದನ್ನು ಸುನೀತ ಅಂತ ಕರೆದರು. ಮಾಸ್ತಿ, ಬೇಂದ್ರೆ, ಕುವೆಂಪು ಎಲ್ಲರೂ ಬರೆದರು. ಹದಿನಾಲ್ಕು ಸಾಲು, ಮಧ್ಯೆ ಎಲ್ಲೋ ಒಂದು ತಿರುವು. ಇಷ್ಟು ಗೊತ್ತಿದ್ದರೆ ಈ ಹೊತ್ತಿಗೆ ಸಾಕು.

ಪ್ರೇಮದ ಸಾನೆಟ್‌ಗೆ ದಾರಿ ಹಾಕಿಕೊಟ್ಟವನು ಇಟಲಿಯ ಪೆಟ್ರಾರ್ಕ್. 1327ರ ಏಪ್ರಿಲ್ 6ರಂದು ಅವಿನ್ಯಾನ್ ಊರಿನ ಸೇಂಟ್ ಕ್ಲೇರ್ ಚರ್ಚಿನಲ್ಲಿ ಲಾರಾ ಅನ್ನುವವಳನ್ನು ಕಂಡೆ ಅಂತ ತನ್ನ ಬಳಿಯಿದ್ದ ಲ್ಯಾಟಿನ್ ಕವಿ ವರ್ಜಿಲ್‌ನ ಪುಸ್ತಕದ ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದಾನೆ. ಅವಳು 1348ರಲ್ಲಿ ಸತ್ತಳು, ಅದೇ ಏಪ್ರಿಲ್ 6, ಅದೇ ಹೊತ್ತು ಅಂತಲೂ ಬರೆದಿದ್ದಾನೆ. ಅವಳ ಮೇಲೆ ಅವನು ಕಟ್ಟಿದ್ದು ಮುನ್ನೂರಕ್ಕೂ ಹೆಚ್ಚು ಸಾನೆಟ್. ಲಾರಾಳ ಕೂದಲು ಗೊತ್ತು, ಕಣ್ಣು ಗೊತ್ತು, ಅವಳು ಬಿಟ್ಟ ಕೈಗವಸು ಕೂಡ ಗೊತ್ತು. ಅವಳಿಗೆ ಇವನ ಬಗ್ಗೆ ಏನನ್ನಿಸಿತ್ತು? ಅದನ್ನು ಅವಳ ಕೈಯಿಂದ ಬರೆದದ್ದು ಒಂದು ಸಾಲೂ ಇಲ್ಲ.

ಐನೂರು ವರ್ಷ ಆದ ಮೇಲೆ ಲಂಡನ್ನಿನಲ್ಲಿ ಕ್ರಿಸ್ಟೀನಾ ರೊಸೆಟ್ಟಿ ಅನ್ನುವ ಕವಿಗೆ ಇದು ಚುಚ್ಚಿತು. ಅವಳ ಅಣ್ಣ ಚಿತ್ರಕಾರ. ಒಬ್ಬಳೇ ಹುಡುಗಿಯನ್ನು ಮತ್ತೆ ಮತ್ತೆ ಬರೆಯುತ್ತಿದ್ದ. 1856ರಲ್ಲಿ ಅವಳೊಂದು ಸಾನೆಟ್ ಬರೆದಳು. ಎಲ್ಲ ಚಿತ್ರದಲ್ಲೂ ಅದೇ ಮುಖ. ರಾಣಿಯಾಗಿ, ಸಂತಳಾಗಿ, ದೇವತೆಯಾಗಿ. ಹಗಲೂ ರಾತ್ರಿ ಅವನು ಆ ಮುಖವನ್ನೇ ಉಣ್ಣುತ್ತಾನೆ. ಅವಳು ಇರುವ ಹಾಗಲ್ಲ, ಅವನ ಕನಸಿನಲ್ಲಿ ತುಂಬಿರುವ ಹಾಗೆ. ಉಣ್ಣುತ್ತಾನೆ ಅನ್ನುವ ಕ್ರಿಯೆಯನ್ನು ಗಮನಿಸಿ. ಪ್ರೇಮ ಕವಿತೆಯ ಐನೂರು ವರ್ಷದ ಹೊಗಳಿಕೆಯನ್ನು ಅವಳು ಊಟದ ತಟ್ಟೆಯ ಮೇಲಿಟ್ಟುಬಿಟ್ಟಳು. ಅವಳು ಸಾಯುವ ತನಕ ಆ ಕವಿತೆ ಅಚ್ಚಾಗಲಿಲ್ಲ.

1881ರಲ್ಲಿ ಅವಳೇ ಹದಿನಾಲ್ಕು ಸಾನೆಟ್‌ಗಳ ಒಂದು ಮಾಲೆ ತಂದಳು, ‘ಮೊನ್ನಾ ಇನ್ನೊಮಿನಾಟಾ’. ಹೆಸರಿಲ್ಲದ ಹೆಣ್ಣು ಅಂತ ಅರ್ಥ. ಲಾರಾಳಂಥ ಹೆಣ್ಣು ತಾನೇ ಮಾತಾಡಿದ್ದರೆ ಹೇಗಿರುತ್ತಿತ್ತು ಅನ್ನುವುದೇ ಅದರ ಹೂರಣ. ಅದರ ಎರಡನೇ ಸಾನೆಟ್ ನನಗೆ ತುಂಬ ಇಷ್ಟ. ನಾವು ಮೊದಲು ಭೇಟಿಯಾದ ದಿನ ನೆನಪಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನುತ್ತಾಳೆ ಅವಳು. ಬೇಸಿಗೆಯೋ ಚಳಿಗಾಲವೋ ಅದೂ ನೆನಪಿಲ್ಲ. ಪೆಟ್ರಾರ್ಕ್ ತಾರೀಖು ಸಮೇತ ಬರೆದಿಟ್ಟಿದ್ದ, ಅಲ್ವಾ? ಇವಳಿಗೆ ತಾರೀಖೇ ಇಲ್ಲ. ಆ ದಿನ ಕಥೆಯೊಂದು ಶುರುವಾಗುತ್ತಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಇವಳಿಗಿಂತ ಮುಂಚೆ ಇದೇ ಕೆಲಸವನ್ನು ಇನ್ನೂ ನೇರವಾಗಿ ಮಾಡಿದವಳು ಎಲಿಜಬೆತ್ ಬ್ಯಾರೆಟ್. ಅವಳ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ.

ಲಂಡನ್ನಿನ ವಿಂಪೋಲ್ ಸ್ಟ್ರೀಟ್, 50ನೇ ನಂಬರಿನ ಮನೆ. ಕಾಯಿಲೆಯ ಹೆಂಗಸು, ಹೆಚ್ಚು ಹೊತ್ತು ಮಂಚದ ಮೇಲೆ. ಆದರೆ ದೇಶವೆಲ್ಲ ಓದುವ ಕವಿ. ಅಪ್ಪನದು ಒಂದು ವಿಚಿತ್ರ ಶಾಸನ, ಮಕ್ಕಳಲ್ಲಿ ಯಾರೂ ಮದುವೆಯಾಗಕೂಡದು. ಗಂಡುಮಕ್ಕಳೂ ಸೇರಿ. 1845ರ ಜನವರಿ 10ರಂದು ರಾಬರ್ಟ್ ಬ್ರೌನಿಂಗ್ ಅನ್ನುವ, ಅವಳಿಗಿಂತ ಆರು ವರ್ಷ ಚಿಕ್ಕ ಕವಿ ಒಂದು ಕಾಗದ ಬರೆದ. ಮೊದಲ ಸಾಲೇ, ನಿಮ್ಮ ಕವಿತೆಗಳನ್ನು ಮನಸಾರೆ ಪ್ರೀತಿಸುತ್ತೇನೆ ಅಂತ. ಆಮೇಲೆ ಇಬ್ಬರ ನಡುವೆ ಓಡಾಡಿದ್ದು 574 ಕಾಗದ. 1846ರ ಸೆಪ್ಟೆಂಬರ್ 12ರಂದು ಮನೆಯವರಿಗೆ ತಿಳಿಯದ ಹಾಗೆ ಚರ್ಚಿನಲ್ಲಿ ಮದುವೆ. ಜೊತೆಗೆ ಬಂದದ್ದು ಕೆಲಸದಾಕೆ ವಿಲ್ಸನ್. ಮದುವೆ ಮುಗಿಸಿ, ಉಂಗುರ ತೆಗೆದಿಟ್ಟು, ಎಲಿಜಬೆತ್ ಏನೂ ಆಗದವಳ ಹಾಗೆ ಅಪ್ಪನ ಮನೆಗೆ ವಾಪಸ್ ಹೋದಳು! ವಾರದ ಮೇಲೆ ವಿಲ್ಸನ್, ನಾಯಿ ಫ್ಲಶ್ ಜೊತೆ ಮನೆ ಬಿಟ್ಟು ಇಟಲಿಗೆ ನಡೆದಳು. ಆಗ ಅವಳಿಗೆ 40. ಅಪ್ಪ ಸಾಯುವವರೆಗೂ ಕ್ಷಮಿಸಲಿಲ್ಲ. ಇವಳು ಬರೆದ ಕಾಗದಗಳನ್ನು ಒಡೆಯದೆ ಹಾಗೇ ಇಟ್ಟಿದ್ದ.

ಇದನ್ನು ಎಲ್ಲರೂ ದೊಡ್ಡ ಪ್ರೇಮಕಥೆ ಅಂತ ಹೇಳುತ್ತಾರೆ, ಹೌದು. ಒಂದು ಮಾತು ಬಿಟ್ಟುಹೋಗುತ್ತದೆ. ಅವಳ ಕೈಯಲ್ಲಿ ಅಜ್ಜಿಯ ಕಡೆಯಿಂದ, ಚಿಕ್ಕಪ್ಪನಿಂದ ಬಂದ ಸ್ವಂತ ಹಣ ಇತ್ತು. ಇಟಲಿಯಲ್ಲಿ ಇಬ್ಬರ ಸಂಸಾರ ಸಾಗಿದ್ದು ಬಹುಮಟ್ಟಿಗೆ ಅದರಲ್ಲಿ. ಹಾರಿಹೋಗಲು ಪ್ರೀತಿ ಬೇಕಿತ್ತು ನಿಜ, ಹಡಗಿನ ಟಿಕೆಟ್ಟೂ ಬೇಕಿತ್ತಲ್ಲ. ಆ ಮನೆತನದ ಸಿರಿಯ ಮೂಲ ಜಮೈಕಾದ ತೋಟಗಳಲ್ಲಿ, ಗುಲಾಮರ ದುಡಿಮೆಯಲ್ಲಿತ್ತು. ಅದು ಅವಳನ್ನು ಕಾಡಿತು. ಓಡಿಬಂದ ಗುಲಾಮ ಹೆಣ್ಣಿನ ಬಾಯಲ್ಲೇ ಒಂದು ಉದ್ದ ಕವಿತೆ ಬರೆದಳು. ಒಬ್ಬಳ ಬಿಡುಗಡೆ ಇನ್ನೊಬ್ಬಳ ಸೆರೆಯ ಮೇಲೆ ನಿಂತಿರಬಹುದು. ‘ಜೇನ್ ಏರ್’ನಲ್ಲಿ ಮೇಲಂತಸ್ತಿನಲ್ಲಿ ಕೂಡಿಹಾಕಿಸಿಕೊಂಡವಳೂ ಜಮೈಕಾದವಳೇ, ನೆನಪಿಡಿ.

ಕಾಗದ ಓಡಾಡುತ್ತಿದ್ದ ಆ ತಿಂಗಳುಗಳಲ್ಲೇ ಅವಳು ಗುಟ್ಟಾಗಿ ಸಾನೆಟ್ ಬರೆಯುತ್ತಿದ್ದಳು. ಗಂಡನಿಗೆ ತೋರಿಸಿದ್ದು ಮದುವೆಯಾಗಿ ಸುಮಾರು ಮೂರು ವರ್ಷಕ್ಕೆ, 1849ರಲ್ಲಿ. ಮರುವರ್ಷ ಅಚ್ಚಾದವು. ‘ಸಾನೆಟ್ಸ್ ಫ್ರಮ್ ದ ಪೋರ್ಚುಗೀಸ್’ ಅಂತ ಹೆಸರಿಟ್ಟರು, ಓದುವವರು ಯಾವುದೋ ಅನುವಾದ ಅಂದುಕೊಳ್ಳಲಿ ಅಂತ. ಗಂಡಸು ಪ್ರೇಮ ಕವಿತೆ ಬರೆದರೆ ಕವಿ, ಹೆಂಗಸು ಬರೆದರೆ ಅನುವಾದಕಿ! 44 ಸಾನೆಟ್. ಎಲ್ಲರಿಗೂ ಗೊತ್ತಿರುವುದು 43ನೆಯದು, ಹೇಗೆಲ್ಲ ಪ್ರೀತಿಸುತ್ತೇನೆ, ಎಣಿಸಿ ಹೇಳುತ್ತೇನೆ ಅನ್ನುವುದು. ಮದುವೆ ಕಾರ್ಡಿನಲ್ಲಿ ಹಾಕುತ್ತಾರೆ. ಅದರೊಳಗೆ ಒಂದು ಸಾಲಿದೆ, ಜನ ನ್ಯಾಯಕ್ಕಾಗಿ ಹೋರಾಡುವ ಹಾಗೆ ನಾನು ಮುಕ್ತವಾಗಿ ನಿನ್ನನ್ನು ಪ್ರೀತಿಸುತ್ತೇನೆ ಅಂತ. ಪ್ರೇಮ ಕವಿತೆಯ ನಡುವೆ ನ್ಯಾಯದ ಹೋರಾಟಕ್ಕೆ ಏನು ಕೆಲಸ? ಕಾರ್ಡು ಅಚ್ಚು ಮಾಡಿಸುವವರು ಆ ಸಾಲನ್ನು ಓದಿರುತ್ತಾರಾ ಅಂತ ನನಗೆ ಅನುಮಾನ.

14ನೆಯ ಸಾನೆಟ್ ಇನ್ನೂ ಖಡಕ್ಕು. ನನ್ನನ್ನು ಪ್ರೀತಿಸುವುದಾದರೆ ಪ್ರೀತಿಗಾಗಿ ಮಾತ್ರ ಪ್ರೀತಿಸು. ಅವಳ ನಗು ಚೆಂದ, ನೋಟ ಚೆಂದ, ಮೆಲುಮಾತು ಚೆಂದ ಅನ್ನಬೇಡ. ಅವೆಲ್ಲ ಬದಲಾಗುತ್ತವೆ, ಅಥವಾ ನಿನ್ನ ಕಣ್ಣಿಗೆ ಬದಲಾಗಿ ಕಾಣುತ್ತವೆ. ಇಲ್ಲಿಗೆ ಪೆಟ್ರಾರ್ಕ್‌ನ ಅಂಗಡಿ ಬಾಗಿಲು ಹಾಕಿಸಿದಳು. ಆಮೇಲೆ ತಿರುವು. ನನ್ನ ಕಣ್ಣೀರು ಒರೆಸುವ ಕನಿಕರದಿಂದಲೂ ಪ್ರೀತಿಸಬೇಡ. ನಿನ್ನ ಆಸರೆಯಲ್ಲಿ ಬಹಳ ದಿನ ಇದ್ದವಳು ಅಳುವುದನ್ನೇ ಮರೆತರೆ, ನಿನ್ನ ಪ್ರೀತಿಯೂ ಹೋದೀತು. ಕಾಯಿಲೆಯ ಹೆಂಗಸು ಇದನ್ನು ಹೇಳುತ್ತಿದ್ದಾಳೆ. ಕನಿಕರ ಅವಳಿಗೆ ಬೇಕಾದಷ್ಟು ಸಿಕ್ಕಿತ್ತು. ಕನಿಕರದ ಹಂಗು ರೇಷ್ಮೆ ಬಟ್ಟೆಯ ಹಂಗಿಗಿಂತ ಬಿಗಿ ಅಂತ ಅವಳಿಗೆ ಗೊತ್ತಿತ್ತು.

ಇನ್ನೊಂದು, 29ನೆಯದು. ಹೆಣ್ಣು ಬಳ್ಳಿ, ಗಂಡು ಮರ ಅನ್ನುವ ಹೋಲಿಕೆ ನಮ್ಮ ಕಾವ್ಯದಲ್ಲೂ ಸವೆದುಹೋಗಿದೆ. ಮದುವೆ ಮನೆಯ ಹಾಡಿನಲ್ಲೂ ಬರುತ್ತದೆ. ಎಲಿಜಬೆತ್ ಅದನ್ನೇ ಎತ್ತಿಕೊಳ್ಳುತ್ತಾಳೆ. ಆದರೆ ಅವಳಲ್ಲಿ ಬಳ್ಳಿ ಅಂದರೆ ಹೆಣ್ಣಲ್ಲ, ಹೆಣ್ಣಿನ ಯೋಚನೆಗಳು. ನಿನ್ನ ಸುತ್ತ ನನ್ನ ಯೋಚನೆ ಬಳ್ಳಿಯ ಹಾಗೆ ಹಬ್ಬಿ, ಕೊನೆಗೆ ಬರೀ ಹಸಿರೇ ಕಂಡು ಮರವೇ ಕಾಣದ ಹಾಗಾಗಿದೆ. ಮೈ ಕೊಡವು, ಈ ಹಸಿರೆಲ್ಲ ಹರಿದು ಬೀಳಲಿ, ಬರೀ ಕಾಂಡವಾಗಿ ನಿಲ್ಲು ಅನ್ನುತ್ತಾಳೆ. ರೊಸೆಟ್ಟಿ ತನ್ನ ಅಣ್ಣನ ಬಗ್ಗೆ ಹೇಳಿದ್ದು ಏನು? ಇರುವ ಹಾಗಲ್ಲ, ಕನಸಿನಲ್ಲಿ ತುಂಬಿರುವ ಹಾಗೆ. ಎಲಿಜಬೆತ್ ಅದೇ ತಪ್ಪನ್ನು ತನ್ನಲ್ಲೇ ಹಿಡಿಯುತ್ತಾಳೆ. ನಾನೂ ನಿನ್ನನ್ನು ನನ್ನ ಕನಸಿನಲ್ಲಿ ಮುಚ್ಚುತ್ತಿದ್ದೇನೆ ಅಂತ ಒಪ್ಪಿಕೊಳ್ಳುತ್ತಾಳೆ. ಇಷ್ಟು ಪ್ರಾಮಾಣಿಕವಾದ ಪ್ರೇಮ ಕವಿತೆ ನಾನು ಓದಿದ್ದು ಕಡಿಮೆ.

ಇದೇ ಎಲಿಜಬೆತ್ 1856ರಲ್ಲಿ ಎರಡು ಕೆಲಸ ಮಾಡಿದಳು. ಮದುವೆಯಾದ ಹೆಂಗಸರಿಗೆ ಆಸ್ತಿಯ ಹಕ್ಕು ಕೊಡಿ ಅಂತ ಪಾರ್ಲಿಮೆಂಟಿಗೆ ಹೋದ ಮನವಿಗೆ ಸಹಿ ಹಾಕಿದಳು. ‘ಅರೋರಾ ಲೀ’ ಅನ್ನುವ, ಪದ್ಯದಲ್ಲಿರುವ ಕಾದಂಬರಿ ಪ್ರಕಟಿಸಿದಳು. ಅದರ ನಾಯಕಿಗೆ ಇಪ್ಪತ್ತು ತುಂಬಿದ ದಿನ ದಾಯಾದಿ ರಾಮ್ನಿ ಮದುವೆಗೆ ಕೇಳುತ್ತಾನೆ. ಒಳ್ಳೆಯವನೇ, ಸಮಾಜಸೇವಕ. ಕವಿತೆ ಹೆಂಗಸರಿಗಲ್ಲ, ನನ್ನ ಕೆಲಸಕ್ಕೆ ಕೈಗೂಡಿಸು ಅನ್ನುತ್ತಾನೆ. ನೀನು ಪ್ರೀತಿಸುವುದು ಹೆಣ್ಣನ್ನಲ್ಲ, ಒಂದು ಧ್ಯೇಯವನ್ನು ಅಂತ ಅವಳು ಬೇಡ ಅನ್ನುತ್ತಾಳೆ. ‘ಜೇನ್ ಏರ್’ನಲ್ಲೂ ಇವನ ಜೋಡಿ ಒಬ್ಬನಿದ್ದಾನೆ, ಸೇಂಟ್ ಜಾನ್. ಮಿಷನರಿಯಾಗಿ ಇಂಡಿಯಾಕ್ಕೆ ಹೊರಟವನು. ಜೇನ್‌ಗೆ ಹಿಂದೂಸ್ತಾನಿ ಭಾಷೆ ಕಲಿಸುತ್ತಾನೆ, ಮದುವೆಯಾಗಿ ಜೊತೆಗೆ ಬಾ, ನೀನು ಹುಟ್ಟಿರುವುದು ದುಡಿಯಲಿಕ್ಕೆ, ಪ್ರೀತಿಗಲ್ಲ ಅನ್ನುತ್ತಾನೆ. ತಂಗಿಯಾಗಿ ಬರುತ್ತೇನೆ, ಹೆಂಡತಿಯಾಗಿ ಬರುವುದಿಲ್ಲ ಅನ್ನುತ್ತಾಳೆ ಅವಳು. ಅವಳು ಬಂದಿದ್ದರೆ ನಮ್ಮ ಕಡೆಯ ಯಾವುದೋ ಮಿಷನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳೇನೋ ಅಂತ ನಾನು ಆಗಾಗ ಕಲ್ಪಿಸಿಕೊಳ್ಳುವುದುಂಟು.

ಈ ಎರಡು ಪುಸ್ತಕದ ಕೊನೆ ನನಗೆ ಅಷ್ಟು ಸಮಾಧಾನ ಕೊಡುವುದಿಲ್ಲ. ರಾಚೆಸ್ಟರ್ ಕುರುಡನಾಗುತ್ತಾನೆ, ರಾಮ್ನಿಯೂ ಕುರುಡನಾಗುತ್ತಾನೆ. ಆಮೇಲೇ ನಾಯಕಿಯರು ಕೈ ಹಿಡಿಯುವುದು. ಹೆಣ್ಣು ಸಮಳಾಗಲು ಗಂಡಿನ ಕಣ್ಣೇ ಹೋಗಬೇಕಾ? ಜೇನ್‌ಗೆ ಅಷ್ಟು ಹೊತ್ತಿಗೆ ಚಿಕ್ಕಪ್ಪನ 20,000 ಪೌಂಡ್ ಬಂದಿರುತ್ತದೆ. ಅದನ್ನು ನಾಲ್ಕು ಪಾಲು ಮಾಡಿ ಮೂರನ್ನು ಬಂಧುಗಳಿಗೆ ಕೊಟ್ಟು, ತನ್ನ 5,000 ಇಟ್ಟುಕೊಂಡು ವಾಪಸ್ ಬಂದು, ನಾನೀಗ ಯಾರ ಹಂಗಿನಲ್ಲೂ ಇಲ್ಲ, ನನಗೆ ನಾನೇ ಒಡತಿ ಅನ್ನುತ್ತಾಳೆ. ಅಷ್ಟು ಸಾಕಿತ್ತು ಅಂತ ನನಗನ್ನಿಸುತ್ತದೆ. ಕಣ್ಣು ತೆಗೆಯುವ ಅಗತ್ಯ ಇರಲಿಲ್ಲ.

ಈ ಪ್ರಶ್ನೆ ನಮ್ಮ ಕಡೆಗೆ ಬಂದದ್ದು ಬೇರೆ ರೂಪದಲ್ಲಿ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾಯಿತು. ಎಳೆಯ ವಿಧವೆ ಮನೆ ಬಿಟ್ಟು, ಓದಿ, ಮತ್ತೆ ಮದುವೆಯಾಗುವ ಕಥೆ. ಅಲ್ಲಿ ಓದು ಮೊದಲು, ಒಲವು ಆಮೇಲೆ. ಅದೇ 1899ರಲ್ಲಿ ಅಮೆರಿಕದಲ್ಲಿ ಕೇಟ್ ಷೋಪ್ಯಾನ್‌ಳ ‘ದಿ ಅವೇಕನಿಂಗ್’ ಬಂತು. ಅದರ ಎಡ್ನಾ ಗಂಡನ ಮನೆ ಬಿಟ್ಟು ಒಂದು ಪುಟ್ಟ ಬಾಡಿಗೆ ಮನೆ ಮಾಡುತ್ತಾಳೆ. ದುಡ್ಡು ಎಲ್ಲಿಂದ ಅಂದರೆ, ಅಮ್ಮನ ಆಸ್ತಿಯದು ಸ್ವಲ್ಪ, ಮಾರಿದ ಚಿತ್ರಗಳದು ಸ್ವಲ್ಪ, ಮತ್ತೆ ಕುದುರೆ ರೇಸಿನಲ್ಲಿ ಗೆದ್ದದ್ದು! ಎರಡನ್ನೂ ಪಕ್ಕಪಕ್ಕ ಇಟ್ಟು ಓದುವವರು ಯಾರಾದರೂ ಇಲ್ಲಿ ಇದ್ದರೆ ಬರೆಯಿರಿ, ನಾನು ಓದುತ್ತೇನೆ.

ಹೊತ್ತಾಯಿತು. ಇನ್ನೊಂದೇ ಸಾನೆಟ್ ಹೇಳಿ ಬಿಡುತ್ತೇನೆ. ಅಮೆರಿಕದ ಎಡ್ನಾ ಸೇಂಟ್ ವಿನ್ಸೆಂಟ್ ಮಿಲೇಯದು, 1931ರ ‘ಫೇಟಲ್ ಇಂಟರ್‌ವ್ಯೂ’ ಅನ್ನುವ 52 ಸಾನೆಟ್‌ಗಳ ಪುಸ್ತಕದಿಂದ. ಇವಳು ಬರೆಯುವ ಹೊತ್ತಿಗೆ ಕಾನೂನು ಬದಲಾಗಿತ್ತು, ಹೆಂಗಸರಿಗೆ ಮತದಾನ ಬಂದಿತ್ತು, ಅವಳ ಪುಸ್ತಕ ಅವಳ ಹೆಸರಿನಲ್ಲೇ ಮಾರಾಟವಾಗುತ್ತಿತ್ತು. ಯಾರ ಹಂಗೂ ಇಲ್ಲ. ಹಾಗಾದರೆ ಪ್ರೀತಿಯ ಬಗ್ಗೆ ಏನು ಹೇಳುತ್ತಾಳೆ? ಪ್ರೀತಿಯೇ ಎಲ್ಲ ಅಲ್ಲ ಅಂತ ಶುರು ಮಾಡುತ್ತಾಳೆ. ಅದು ಊಟವಲ್ಲ, ನೀರಲ್ಲ, ನಿದ್ದೆಯಲ್ಲ, ಮಳೆಗೆ ಸೂರಲ್ಲ. ಮುಳುಗುವವನಿಗೆ ಹಿಡಿಯಲು ಮರದ ತುಂಡಲ್ಲ. ಮುರಿದ ಮೂಳೆಯನ್ನು ಅದು ಕೂಡಿಸಲಾರದು. ಷಾರ್ಲೆಟ್ ಲೂಕಸ್ ಕೂತು ಬರೆಸಿದ ಹಾಗಿದೆ, ಅಲ್ವಾ? ಆಮೇಲೆ ಅನ್ನುತ್ತಾಳೆ, ಕಷ್ಟದ ಗಳಿಗೆಯೊಂದರಲ್ಲಿ ನೆಮ್ಮದಿಗಾಗಿ ನಿನ್ನ ಪ್ರೀತಿಯನ್ನು ಮಾರಿಬಿಡಬಹುದು, ಈ ರಾತ್ರಿಯ ನೆನಪನ್ನು ಊಟಕ್ಕಾಗಿ ಕೊಟ್ಟುಬಿಡಬಹುದು.

ಕೊನೆಯ ಸಾಲು ಹೀಗಿದೆ. “ಆಗಲೂಬಹುದು. ಆದರೆ ಹಾಗೆ ಮಾಡುತ್ತೇನೆ ಅಂತ ನನಗನ್ನಿಸುವುದಿಲ್ಲ.”

ಮಾಡುವುದಿಲ್ಲ ಅಂತ ಅವಳು ಹೇಳಿಲ್ಲ, ನೋಡಿ. ಅನ್ನಿಸುವುದಿಲ್ಲ ಅಂತ ಮಾತ್ರ ಅಂದಿದ್ದಾಳೆ.